ಲ್ಯಾಪ್‌ಟಾಪ್‌ಗೆ ಮಾನಿಟರ್ ಕೊಳ್ಳುವ ಮುಂಚೆ ಅದರ ಪಕ್ಕ ತಿರುಗಿಸಿ ನೋಡಿ

ಮಾನಿಟರ್ ತಗೋಬೇಕು ಅಂದ ತಕ್ಷಣ ಬರುವ ಮೊದಲ ಪ್ರಶ್ನೆ, ಎಷ್ಟು ಇಂಚಿನದು? ಆಮೇಲೆ 4ಕೆ ಬೇಕಾ, ಎಷ್ಟು ಹರ್ಟ್ಜ್, ಬಾಗಿದ ಪರದೆಯಾ ಚಪ್ಪಟೆ ಪರದೆಯಾ. ಡೆಸ್ಕ್‌ಟಾಪ್ ಇರುವವರು ಹೀಗೆ ಹುಡುಕಿದರೆ ತೊಂದರೆ ಇಲ್ಲ. ಬೇಕಾದರೆ ಅವರು ಗ್ರಾಫಿಕ್ಸ್ ಕಾರ್ಡನ್ನೇ ಬದಲಾಯಿಸಬಹುದು. ಲ್ಯಾಪ್‌ಟಾಪ್‌ನವರಿಗೆ ಆ ದಾರಿ ಇಲ್ಲ. ಕಂಪನಿಯವರು ಪಕ್ಕದಲ್ಲಿ ಯಾವ ಪೋರ್ಟ್ ಕೊಟ್ಟಿದ್ದಾರೋ ಅದರಲ್ಲೇ ಸಂಸಾರ ಮಾಡಬೇಕು. ಹಾಗಾಗಿ ಮಾನಿಟರ್‌ಗಳ ಪಟ್ಟಿ ನೋಡುವ ಮುಂಚೆ ಲ್ಯಾಪ್‌ಟಾಪ್‌ನ ಎಡಬಲ ಪಕ್ಕಗಳನ್ನು ಒಮ್ಮೆ ನೋಡಿಕೊಳ್ಳಿ.

ಪೋರ್ಟ್ ಗೊತ್ತಾದ ಮೇಲೆ ನೋಡಬೇಕಾದ್ದು, ಪರದೆಯ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳು, ಇವೆ ಅನ್ನುವುದು. ಈ ಎರಡು ಸರಿಹೋದರೆ ಮುಕ್ಕಾಲು ಕೆಲಸ ಮುಗಿಯಿತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹೊಗಳಿಕೊಂಡಿರುವ ಉಳಿದ ವಿಷಯಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪೋರ್ಟ್ ಎಷ್ಟು ಸಾಗಿಸುತ್ತದೆ

ಎಚ್‌ಡಿಎಂಐ ಎಲ್ಲರಿಗೂ ಗೊತ್ತಿರುವ ಪೋರ್ಟ್. ಟಿವಿಗೆ ಹಾಕುತ್ತೇವಲ್ಲ, ಅದೇ. ನೋಡಲು ಎಲ್ಲವೂ ಒಂದೇ ಥರ ಇರುತ್ತವೆ, ಆದರೆ ಆವೃತ್ತಿಗಳು ಬೇರೆ ಬೇರೆ. 1.4 ಆವೃತ್ತಿ ಸೆಕೆಂಡಿಗೆ 10.2 ಗಿಗಾಬಿಟ್ ಸಾಗಿಸುತ್ತದೆ. 2013ರಲ್ಲಿ ಬಂದ 2.0 ಆವೃತ್ತಿ 18 ಗಿಗಾಬಿಟ್. 2017ರ 2.1 ಆವೃತ್ತಿ 48 ಗಿಗಾಬಿಟ್‌ವರೆಗೆ ಹೋಗುತ್ತದೆ.

ಈ ಅಂಕಿಗಳಿಂದ ನಮಗೇನು? ಒಂದು ಲೆಕ್ಕ ಹಾಕಿ ನೋಡೋಣ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್, ಮೇಲಿಂದ ಕೆಳಕ್ಕೆ 2160. ಗುಣಿಸಿದರೆ ಸುಮಾರು 83 ಲಕ್ಷ. ಒಂದೊಂದು ಪಿಕ್ಸೆಲ್‌ನ ಬಣ್ಣ ಹೇಳಲು 24 ಬಿಟ್ ಬೇಕು. ಸೆಕೆಂಡಿಗೆ 60 ಸಲ ಹೊಸ ಚಿತ್ರ ಕಳಿಸಬೇಕು, 60 ಹರ್ಟ್ಜ್ ಅನ್ನುವುದು ಇದನ್ನೇ. ಎಲ್ಲ ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 12 ಗಿಗಾಬಿಟ್ ಆಗುತ್ತದೆ. ಎಚ್‌ಡಿಎಂಐ 1.4ರಲ್ಲಿ ಹೇಳಿಕೊಳ್ಳಲು 10.2 ಇದ್ದರೂ ಚಿತ್ರಕ್ಕೆ ಸಿಗುವುದು 8 ಚಿಲ್ಲರೆ ಮಾತ್ರ. ದತ್ತಾಂಶ ಕೆಡದಂತೆ ಕಳಿಸಲು ಸೇರಿಸುವ ಹೆಚ್ಚುವರಿ ಬಿಟ್‌ಗಳಿಗೇ ಉಳಿದದ್ದು ಹೋಗುತ್ತದೆ. ಅಂದಮೇಲೆ 12 ಹಿಡಿಯುವ ಮಾತೇ ಇಲ್ಲ.

ಆಗ ಲ್ಯಾಪ್‌ಟಾಪ್ ಏನು ಮಾಡುತ್ತದೆ? ಸದ್ದಿಲ್ಲದೆ 30 ಹರ್ಟ್ಜ್‌ಗೆ ಇಳಿಯುತ್ತದೆ. ಚಿತ್ರವೇನೋ ಬರುತ್ತದೆ. ಎಚ್ಚರಿಕೆಯ ಸಂದೇಶ ಯಾವುದೂ ಬರುವುದಿಲ್ಲ. ಆದರೆ ಮೌಸ್ ಆಡಿಸಿದರೆ ಬಾಣ ಜಿಗಿಜಿಗಿದು ಹೋಗುತ್ತದೆ, ಪುಟ ಸರಿಸಿದರೆ ತಡವರಿಸುತ್ತದೆ. ಜನ ಹೊಸ ಮಾನಿಟರನ್ನು ಬೈಯುತ್ತಾರೆ, ಅದು ಪಾಪ ತನಗೆ ಬಂದದ್ದನ್ನು ತೋರಿಸುತ್ತಿರುತ್ತದೆ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಈ ತೊಂದರೆ ಅಂದುಕೊಳ್ಳಬೇಡಿ. ಕಡಿಮೆ ಬೆಲೆಯ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲೂ 1.4 ಪೋರ್ಟೇ ಇರುತ್ತದೆ. ಲ್ಯಾಪ್‌ಟಾಪ್‌ನ ಅಡಿಯಲ್ಲಿ ಬರೆದಿರುವ ಪೂರ್ತಿ ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ಪುಟದಲ್ಲಿ ಹುಡುಕಿ. ಸರಣಿಯ ಹೆಸರು ಸಾಲದು, ಒಂದೇ ಹೆಸರಿನಲ್ಲಿ ಹಲವು ಥರದ ಯಂತ್ರಗಳು ಬಂದಿರುತ್ತವೆ. 2.1 ಅಂತ ಬರೆದಿದ್ದರೂ 48 ಗಿಗಾಬಿಟ್ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. 4ಕೆಯಲ್ಲಿ ಎಷ್ಟು ಹರ್ಟ್ಜ್ ಕೊಡುತ್ತದೆ ಅಂತ ಬರೆದಿರುವುದನ್ನೇ ನಂಬಿ.

ಈಗ ಯುಎಸ್‌ಬಿ ಸಿ. ನಿಜವಾದ ಗೊಂದಲ ಇರುವುದು ಇಲ್ಲೇ.

2014ರಲ್ಲಿ ಬಂದ ಈ ಪೋರ್ಟ್‌ನಲ್ಲಿ ಸಿ ಅನ್ನುವುದು ಆಕಾರದ ಹೆಸರಷ್ಟೇ. ಸಾಲಾಗಿ ಕಟ್ಟಿದ ವಠಾರದ ಮನೆಗಳ ಬಾಗಿಲು ಇದ್ದ ಹಾಗೆ. ಹೊರಗಿಂದ ಎಲ್ಲ ಒಂದೇ, ಒಳಗೆ ಯಾರಿದ್ದಾರೆ ಅಂತ ಬಾಗಿಲು ನೋಡಿ ಹೇಳಲಾಗದು. ಒಂದು ಸಿ ಪೋರ್ಟ್ ಬರೀ ಫೈಲ್ ಸಾಗಿಸಬಹುದು. ಇನ್ನೊಂದು ಚಾರ್ಜ್ ಕೂಡ ತಗೊಳ್ಳಬಹುದು. ಮಗದೊಂದು ಚಿತ್ರವನ್ನೂ ಕಳಿಸಬಹುದು. ಚಿತ್ರ ಬರಬೇಕಾದರೆ ಆ ಪೋರ್ಟ್‌ಗೆ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐ ಥರವೇ ಚಿತ್ರ ಸಾಗಿಸುವ ಇನ್ನೊಂದು ಪದ್ಧತಿ) ಆಲ್ಟ್ ಮೋಡ್ ಅನ್ನುವ ಸೌಲಭ್ಯ ಇರಬೇಕು, ಇಲ್ಲವೇ ಅದು ಸಿ ಆಕಾರದಲ್ಲೇ ಬರುವ ಇನ್ನೂ ವೇಗದ ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ 4 ಆಗಿರಬೇಕು. ಪೋರ್ಟ್ ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್. ಇಂಗ್ಲಿಷ್‌ನ ಡಿ ಮತ್ತು ಪಿ ಅಕ್ಷರ ಒಂದರೊಳಗೊಂದು ಸೇರಿದಂಥ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್. ಏನೂ ಗುರುತಿಲ್ಲ ಅಂದರೆ ಸೌಲಭ್ಯ ಇಲ್ಲ ಅಂತಲೂ ಅಲ್ಲ, ಎಷ್ಟೋ ಕಂಪನಿಗಳು ಗುರುತು ಹಾಕುವುದೇ ಇಲ್ಲ. ಮತ್ತೆ ಮಾಡೆಲ್ ಸಂಖ್ಯೆಯ ದಾರಿಯೇ ಗತಿ. ಒಂದೇ ಲ್ಯಾಪ್‌ಟಾಪ್‌ನ ಎರಡು ಸಿ ಪೋರ್ಟ್‌ಗಳಲ್ಲಿ ಒಂದು ಮಾತ್ರ ಚಿತ್ರ ಕೊಡುವುದೂ ಉಂಟು.

ಇಷ್ಟೆಲ್ಲ ತಲೆನೋವು ಯಾಕೆ, ಎಚ್‌ಡಿಎಂಐ ಸಾಕಲ್ವಾ ಅನ್ನಿಸಬಹುದು. ಸಿ ಪೋರ್ಟ್ ಕೆಲಸ ಮಾಡಿದರೆ ಸಿಗುವ ಸುಖವೇ ಬೇರೆ. ಒಂದೇ ಕೇಬಲ್‌ನಲ್ಲಿ ಚಿತ್ರ ಹೋಗುತ್ತದೆ, ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಮಾನಿಟರ್ ಹಿಂದೆ ಹಾಕಿಟ್ಟ ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್ ಎಲ್ಲ ಕೆಲಸ ಶುರು ಮಾಡುತ್ತವೆ. ದಿನಕ್ಕೆರಡು ಸಲ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಾಡುವವರಾದರೆ ಇದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಮೋಸವಿಲ್ಲ ಅಂತ ನನ್ನ ಲೆಕ್ಕ. ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದೇ ಇಲ್ಲ ಅನ್ನುವವರಿಗೆ ಎಚ್‌ಡಿಎಂಐ ಧಾರಾಳವಾಗಿ ಸಾಕು.

ಚಾರ್ಜ್ ಆಗುತ್ತದೆ ಅಂದೆನಲ್ಲ, ಅದಕ್ಕೂ ಒಂದು ಅಳತೆ ಇದೆ. ನಿಮ್ಮ ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರ್ ಎಷ್ಟು ವ್ಯಾಟ್ ಅಂತ ನೋಡಿ. ತೆಳುವಾದ ಲ್ಯಾಪ್‌ಟಾಪ್‌ಗಳಿಗೆ ಹೆಚ್ಚಾಗಿ 45ರಿಂದ 65 ವ್ಯಾಟ್ ಇರುತ್ತದೆ. ದೊಡ್ಡವಕ್ಕೆ 90, 100. ಮಾನಿಟರ್ ಕೊಡುವ ವ್ಯಾಟ್ ಅದಕ್ಕೆ ಸಮ ಇರಬೇಕು, ಇಲ್ಲ ಜಾಸ್ತಿ ಇರಬೇಕು. ಜಾಸ್ತಿ ಇದ್ದರೆ ಲ್ಯಾಪ್‌ಟಾಪ್ ಸುಡುವುದಿಲ್ಲ, ಬೇಕಾದಷ್ಟನ್ನೇ ಅದು ಎಳೆದುಕೊಳ್ಳುತ್ತದೆ. ಕಡಿಮೆ ಇದ್ದರೆ ಚಾರ್ಜ್ ನಿಧಾನ ಆಗುತ್ತದೆ, ಭಾರದ ಕೆಲಸ ಹಚ್ಚಿದಾಗ ಬ್ಯಾಟರಿ ಇಳಿಯುತ್ತಲೂ ಹೋಗಬಹುದು. ಗೇಮಿಂಗ್ ಲ್ಯಾಪ್‌ಟಾಪ್‌ಗಳ ಚಾರ್ಜರ್ 180 ವ್ಯಾಟ್ ದಾಟುವುದು ಮಾಮೂಲಿ. ಅವಕ್ಕೆ ಮಾನಿಟರ್‌ನಿಂದ ಬರುವ ಕರೆಂಟ್ ಯಾವ ಮೂಲೆಗೂ ಸಾಲದು.

ಕೇಬಲ್ ವಿಷಯ ಒಂದೇ ಮಾತು. ಫೋನ್ ಚಾರ್ಜರ್ ಜೊತೆ ಬಂದ ಸಿ ಕೇಬಲ್‌ಗಳಲ್ಲಿ ಬಹುಪಾಲು ಚಿತ್ರ ಸಾಗಿಸಲಾರವು, ಅವುಗಳಲ್ಲಿ ಆ ತಂತಿಗಳೇ ಇರುವುದಿಲ್ಲ. ಮಾನಿಟರ್ ಡಬ್ಬದಲ್ಲಿ ಬಂದ ಕೇಬಲ್ಲನ್ನೇ ಬಳಸಿ.

ಸಿ ಪೋರ್ಟ್‌ನ ಇನ್ನೊಂದು ಗುಟ್ಟನ್ನು ಹೇಳಲೇಬೇಕು, ಯಾಕೆಂದರೆ ಇದು ಎಲ್ಲ ಸರಿ ಇದ್ದೂ ಕೈಕೊಡುತ್ತದೆ. ಕೇಬಲ್ ಒಳಗೆ ವೇಗದ ದತ್ತಾಂಶಕ್ಕೆ ನಾಲ್ಕು ಹಾದಿಗಳಿವೆ. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ 4ಕೆ 60 ಹರ್ಟ್ಜ್ ಆರಾಮಾಗಿ ಹೋಗುತ್ತದೆ, ಆದರೆ ಮಾನಿಟರ್ ಹಿಂದಿನ ಯುಎಸ್‌ಬಿ ಪೋರ್ಟ್‌ಗಳು ಹಳೆಯ ನಿಧಾನದ ವೇಗಕ್ಕೆ ಇಳಿಯುತ್ತವೆ. ಎರಡನ್ನು ಚಿತ್ರಕ್ಕೆ, ಎರಡನ್ನು ಯುಎಸ್‌ಬಿಗೆ ಹಂಚಿದರೆ, ಡಿಸ್‌ಪ್ಲೇಪೋರ್ಟ್ 1.2 ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 4ಕೆ ಮತ್ತೆ 30 ಹರ್ಟ್ಜ್‌ಗೆ ಬೀಳುತ್ತದೆ. ಡಿಸ್‌ಪ್ಲೇಪೋರ್ಟ್ 1.4ರ ಪೂರ್ತಿ ವೇಗ ಇದ್ದರೆ ಎರಡೇ ಹಾದಿಯಲ್ಲೂ 60 ಹರ್ಟ್ಜ್ ನಡೆಯುತ್ತದೆ. ಹಲವು ಮಾನಿಟರ್‌ಗಳ ಮೆನುವಿನಲ್ಲಿ ಯುಎಸ್‌ಬಿಗೆ ವೇಗ ಬೇಕಾ, ಚಿತ್ರಕ್ಕೆ ಬೇಕಾ ಅಂತ ಆರಿಸುವ ಅವಕಾಶ ಇರುತ್ತದೆ. ಕೀಬೋರ್ಡ್, ಮೌಸ್ ಮಾತ್ರ ಹಾಕುವವರು ಕಣ್ಣು ಮುಚ್ಚಿಕೊಂಡು ಚಿತ್ರದ ಕಡೆಗೆ ತಿರುಗಿಸಿಬಿಡಿ.

ಮ್ಯಾಕ್‌ಬುಕ್ ಇರುವವರಿಗೆ ಬೇರೆ ಎಚ್ಚರಿಕೆ. ಆಪಲ್‌ನ 2020ರ ಎಂ1 ಮತ್ತು ಅದರ ಮುಂದಿನ ಎಂ2, ಈ ಮೂಲ ಚಿಪ್‌ಗಳಿರುವ (ಹೆಸರಿನಲ್ಲಿ ಪ್ರೊ, ಮ್ಯಾಕ್ಸ್ ಇಲ್ಲದ ಚಿಪ್‌ಗಳು) ಮ್ಯಾಕ್‌ಬುಕ್‌ಗಳು ನೇರವಾಗಿ ಒಂದೇ ಹೊರಗಿನ ಮಾನಿಟರ್‌ಗೆ ಚಿತ್ರ ಕೊಡುತ್ತವೆ. ಎಂ3 ಇರುವ ಮ್ಯಾಕ್‌ಬುಕ್ ಏರ್ ಎರಡಕ್ಕೆ ಕೊಡುತ್ತದೆ, ಆದರೆ ಮುಚ್ಚಳ ಮುಚ್ಚಿರಬೇಕು. ಎಂ4 ಬಂದ ಮೇಲೆ ಮುಚ್ಚಳ ತೆರೆದಿದ್ದರೂ ಎರಡು ಮಾನಿಟರ್ ನಡೆಯುತ್ತವೆ. ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಕೇಬಲ್ ಎಳೆದು ಸರಪಳಿ ಮಾಡುವ ಡಿಸ್‌ಪ್ಲೇಪೋರ್ಟ್‌ನ ಸೌಲಭ್ಯ ವಿಂಡೋಸ್‌ನಲ್ಲಿ ಉಂಟು. ಮ್ಯಾಕ್‌ನಲ್ಲಿ ಹಾಗೆ ಮಾಡಿದರೆ ಎರಡರಲ್ಲೂ ಒಂದೇ ಚಿತ್ರ ಮೂಡುತ್ತದೆ. ಡಿಸ್‌ಪ್ಲೇಲಿಂಕ್ ಅನ್ನುವ ತಂತ್ರಜ್ಞಾನದ ಡಾಕ್‌ಗಳು, ಅಂದರೆ ಲ್ಯಾಪ್‌ಟಾಪ್‌ಗೂ ಮಾನಿಟರ್‌ಗಳಿಗೂ ನಡುವೆ ಹಾಕುವ ಪೆಟ್ಟಿಗೆಗಳು, ಈ ಮಿತಿಯನ್ನು ದಾಟಿಸುತ್ತವೆ. ಅವು ಚಿತ್ರವನ್ನು ಕುಗ್ಗಿಸಿ ಮಾಮೂಲಿ ಯುಎಸ್‌ಬಿ ದತ್ತಾಂಶದ ಹಾಗೆ ಕಳಿಸುತ್ತವೆ. ಕಡತ, ಮೇಲ್‌ಗೆ ಚೆನ್ನಾಗಿದೆ. ಆಟಕ್ಕೆ ಬೇಡ. ಡ್ರೈವರ್ ಅನ್ನುವ ತಂತ್ರಾಂಶ ಹಾಕಲೇಬೇಕಾದ್ದರಿಂದ ಕಚೇರಿಯ ಲ್ಯಾಪ್‌ಟಾಪ್ ಆದರೆ ಮೊದಲು ಅನುಮತಿ ಸಿಗುತ್ತದಾ ಕೇಳಿ.

ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್

ಮಾನಿಟರ್ ಜಾಹೀರಾತಿನಲ್ಲಿ ಇಂಚು ಇರುತ್ತದೆ, ರೆಸಲ್ಯೂಷನ್ (ಅಡ್ಡಕ್ಕೆ, ಮೇಲಿಂದ ಕೆಳಕ್ಕೆ ಎಷ್ಟೆಷ್ಟು ಪಿಕ್ಸೆಲ್ ಅನ್ನುವುದು) ಇರುತ್ತದೆ. ಇವೆರಡನ್ನೂ ಸೇರಿಸಿದ ಸಂಖ್ಯೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅಕ್ಷರ ಎಷ್ಟು ಚೂಪಾಗಿ ಕಾಣುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಅದೇ.

1920×1080 ಪಿಕ್ಸೆಲ್‌ಗಳನ್ನು 24 ಇಂಚಿನಲ್ಲಿ ಹರಡಿದರೆ ಇಂಚಿಗೆ 92 ಬರುತ್ತವೆ. ಅಷ್ಟನ್ನೇ 27 ಇಂಚಿಗೆ ಎಳೆದರೆ 82. 2560×1440 ಇರುವ 27 ಇಂಚಿನ ಪರದೆಯಲ್ಲಿ 109. 4ಕೆ ಆದರೆ 27 ಇಂಚಿನಲ್ಲಿ 163, 32 ಇಂಚಿನಲ್ಲಿ 138. ಈಗ ನಿಮ್ಮ ಲ್ಯಾಪ್‌ಟಾಪ್ ನೋಡಿ. 15.6 ಇಂಚಿನ ಸಾಧಾರಣ 1920×1080 ಪರದೆಯಲ್ಲೇ ಇಂಚಿಗೆ 141 ಇವೆ. 14 ಇಂಚಿನ 1920×1200 ಪರದೆಯಲ್ಲಿ 162. ಅದನ್ನು ನೋಡಿ ಪಳಗಿದ ಕಣ್ಣು ಪಕ್ಕದ 82ರ ಮಾನಿಟರ್ ಕಡೆ ತಿರುಗಿದಾಗ ಕನ್ನಡಕ ತೆಗೆದಿಟ್ಟ ಹಾಗೆ ಆಗುತ್ತದೆ. ಡೆಸ್ಕ್‌ಟಾಪ್‌ನವರಿಗೆ ಇಲ್ಲದ ಕಷ್ಟ ಇದು. ಅವರಿಗೆ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಪರದೆ ಇರುವುದಿಲ್ಲ.

ಎಷ್ಟಿದ್ದರೆ ಸಾಕು? ಇದಕ್ಕೂ ಲೆಕ್ಕ ಇದೆ. ಕಣ್ಣಿನ ಡಾಕ್ಟರ್ 6/6 ಅಂತ ಬರೆದುಕೊಡುವ ದೃಷ್ಟಿ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ವಿವರವನ್ನು ಬಿಡಿಸಿ ನೋಡಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಕುಳಿತರೆ ಅದು ಸುಮಾರು 0.17 ಮಿಲಿಮೀಟರ್. ಅಂದರೆ ಇಂಚಿಗೆ ಹೆಚ್ಚುಕಡಿಮೆ 145 ಪಿಕ್ಸೆಲ್. ಅದಕ್ಕಿಂತ ಕಡಿಮೆ ಇದ್ದರೆ ಚೂಪಾದ ಕಣ್ಣಿಗೆ ಅಕ್ಷರದ ಅಂಚಿನ ಮೆಟ್ಟಿಲುಗಳು ಕಾಣಬಹುದು. 27 ಇಂಚಿನ 4ಕೆ ಆ ಗೆರೆ ದಾಟುತ್ತದೆ. 32 ಇಂಚಿನ 4ಕೆ ಕೂಡ, ಸ್ವಲ್ಪ ಹಿಂದೆ ಸರಿದು ಕುಳಿತರೆ, ದಾಟಿದ ಹಾಗೆಯೇ. 109ರ ಮಾನಿಟರ್ ದಾಟುವುದಿಲ್ಲ, ಆದರೆ ದಿನಗಟ್ಟಲೆ ಕೆಲಸ ಮಾಡಲು ಏನೂ ಅಡ್ಡಿ ಇಲ್ಲ.

ಕನ್ನಡದಲ್ಲಿ ಓದುವ ಬರೆಯುವ ಕೆಲಸ ಜಾಸ್ತಿ ಇದ್ದರೆ ಈ ಸಂಖ್ಯೆಗೆ ಇನ್ನೂ ತೂಕ ಕೊಡಿ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತದೆ. ನಮ್ಮ ಅಕ್ಷರ ಅದೇ ಎತ್ತರದಲ್ಲಿ ತಲೆಕಟ್ಟು, ಗುಣಿತ, ಕೆಳಗೆ ಒತ್ತು ಎಲ್ಲ ತುಂಬಿಕೊಳ್ಳಬೇಕು. ‘ರಾಷ್ಟ್ರೀಯ’ ಅನ್ನುವ ಪದವನ್ನು ಸಣ್ಣ ಗಾತ್ರದಲ್ಲಿ 82ರ ಪರದೆಯಲ್ಲಿ ನೋಡಿ, ಕೆಳಗಿನ ಎರಡು ಒತ್ತುಗಳೂ ಕಲಸಿಹೋಗಿ ಒಂದು ಮಚ್ಚೆಯಾಗಿ ಕಾಣುತ್ತದೆ. ‘ಘ’ವಾ ‘ಫ’ವಾ ಅಂತ ಬಗ್ಗಿ ನೋಡಬೇಕಾಗುತ್ತದೆ. 163ರಲ್ಲಿ ಅದೇ ಗಾತ್ರದ ಪದ ಅಚ್ಚಾದ ಪುಸ್ತಕಕ್ಕೆ ಹತ್ತಿರ ಬರುತ್ತದೆ. ಕರಡು ತಿದ್ದುವವರು, ಅನುವಾದ ಮಾಡುವವರು, ಪುಟ ವಿನ್ಯಾಸ ಮಾಡುವವರು ಬೇರೆ ಏನನ್ನಾದರೂ ಬಿಟ್ಟುಕೊಟ್ಟು 4ಕೆ ತಗೊಳ್ಳುವುದು ವಾಸಿ.

4ಕೆ ತಗೊಂಡರೆ ಜಾಗ ಜಾಸ್ತಿ ಸಿಗುತ್ತದೆ ಅನ್ನುವುದು ಮಾತ್ರ ಅರ್ಧ ಸುಳ್ಳು. 27 ಇಂಚಿನ 4ಕೆಯನ್ನು ಇದ್ದ ಹಾಗೇ ಇಟ್ಟರೆ ಅಕ್ಷರ ಇರುವೆಯಷ್ಟಾಗುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಶೇಕಡಾ 150ಕ್ಕೆ ಹಿಗ್ಗಿಸುತ್ತೇವೆ. ಆಗ ಉಳಿಯುವ ಜಾಗ ಸರಿಯಾಗಿ 2560×1440ರಷ್ಟೇ. ಅಂದರೆ 1440ರ ಮಾನಿಟರ್‌ನಲ್ಲಿ ಹಿಡಿಯುವಷ್ಟೇ ಕಿಟಕಿ ಇಲ್ಲೂ ಹಿಡಿಯುತ್ತವೆ, ಆದರೆ ಅಕ್ಷರ ಚೂಪು. ಜಾಗವೇ ಬೇಕು ಅನ್ನುವವರು 32 ಇಂಚಿನ 4ಕೆಯನ್ನು ಶೇಕಡಾ 125ರಲ್ಲಿ ಇಟ್ಟು ನೋಡಲಿ, ಇಲ್ಲವೇ 34 ಇಂಚಿನ ಅಗಲದ ಪರದೆ ಹುಡುಕಲಿ. ಆ 3440×1440ರ ಅಗಲದ ಪರದೆಯ ಎತ್ತರ 27 ಇಂಚಿನದಷ್ಟೇ, ಚೂಪು ಕೂಡ ಅಷ್ಟೇ. ಪಕ್ಕಕ್ಕೆ ಮಾತ್ರ ಉದ್ದ.

ಮ್ಯಾಕ್‌ನ ಕಥೆ ಸ್ವಲ್ಪ ಬೇರೆ. ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬಳಸಿ ಅಕ್ಷರದ ಅಂಚು ನಯ ಮಾಡುವ ಹಳೆಯ ತಂತ್ರವನ್ನು 2018ರ ಮೊಹಾವೆ ಆವೃತ್ತಿಯಲ್ಲಿ ಆಪಲ್ ಕೈಬಿಟ್ಟಿತು. ಅಲ್ಲಿಂದಾಚೆ 92, 109ರ ಮಾನಿಟರ್‌ಗಳಲ್ಲಿ ಮ್ಯಾಕ್‌ನ ಅಕ್ಷರ ವಿಂಡೋಸ್‌ಗಿಂತ ಮಂಕಾಗಿ ಕಾಣುತ್ತದೆ. 27 ಇಂಚಿನ 4ಕೆಯಲ್ಲಿ 1440ರ ನೋಟ ಆರಿಸಿದರೆ ಮ್ಯಾಕ್ ಒಳಗೊಳಗೇ 5120×2880ರ ಚಿತ್ರ ಬರೆದು ಅದನ್ನು 4ಕೆಗೆ ಕುಗ್ಗಿಸುತ್ತದೆ. ಹತ್ತಿರದಿಂದ ಹುಡುಕಿದರೆ ಚೂರು ಮಸುಕು ಕಾಣಬಹುದು, ದಿನಬಳಕೆಗೆ ತೊಂದರೆ ಇಲ್ಲ. ಅದೂ ಬೇಡ ಅನ್ನುವವರಿಗೆ 27 ಇಂಚಿನ 5ಕೆ ಮಾನಿಟರ್‌ಗಳಿವೆ. ಇಂಚಿಗೆ 218 ಪಿಕ್ಸೆಲ್, ಯಾವ ಕುಗ್ಗಿಸುವಿಕೆಯೂ ಇಲ್ಲ. ಬೆಲೆ ನೋಡಿದ ಮೇಲೆ ಆ ಚೂರು ಮಸುಕೇ ವಾಸಿ ಅನ್ನಿಸಿದರೆ ಆಶ್ಚರ್ಯವಿಲ್ಲ.

ಒಟ್ಟಿನಲ್ಲಿ ನನ್ನನ್ನು ಕೇಳಿದರೆ: 1080 ಸಾಕು ಅನ್ನುವವರು 24 ಇಂಚಿಗೆ ನಿಲ್ಲಿ. 27ಕ್ಕೆ ಹೋಗುವುದಾದರೆ ಕನಿಷ್ಠ 1440. ದಿನವಿಡೀ ಅಕ್ಷರಗಳ ಜೊತೆ ಕೆಲಸ, ಪೋರ್ಟ್ ಕೂಡ 4ಕೆ 60 ಹರ್ಟ್ಜ್ ಕೊಡುತ್ತದೆ ಅಂದರೆ 27 ಇಂಚಿನ 4ಕೆ. 27 ಇಂಚಿನ 1080 ಮಾನಿಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

4ಕೆ ಹಾಕಿದರೆ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದಾ ಅಂತ ಅನುಮಾನ ಬರಬಹುದು. ಬ್ರೌಸರ್, ಕಡತ, ವಿಡಿಯೊ ನೋಡುವುದಕ್ಕೆ ಈಚಿನ ವರ್ಷಗಳ ಪ್ರೊಸೆಸರ್‌ಗಳೊಳಗೇ ಇರುವ ಗ್ರಾಫಿಕ್ಸ್ ಸಾಕು. ಆಟಗಳ ವಿಷಯ ಬೇರೆ. 1080ಕ್ಕೆ ಹೋಲಿಸಿದರೆ 4ಕೆಯಲ್ಲಿ ಸರಿಯಾಗಿ ನಾಲ್ಕು ಪಟ್ಟು ಪಿಕ್ಸೆಲ್‌ಗಳಿವೆ, ಆಟದಲ್ಲಿ ಅಷ್ಟನ್ನೂ ಪ್ರತಿ ಸಲ ಹೊಸದಾಗಿ ಬರೆಯಬೇಕು.

ಉಳಿದ ಸಂಗತಿಗಳು

ಹರ್ಟ್ಜ್ ಬಗ್ಗೆ: 60 ಸಾಕು, 100 ಅಥವಾ 120 ಸಿಕ್ಕರೆ ಪುಟ ಸರಿಸುವುದು ನಯವಾಗುತ್ತದೆ. ಆಟ ಆಡದವರಿಗೆ ಅದಕ್ಕಿಂತ ಮೇಲಿನದು ಸುಮ್ನೆ ಖರ್ಚು.

ಪ್ಯಾನೆಲ್, ಅಂದರೆ ಪರದೆಯ ತಂತ್ರಜ್ಞಾನದ ಬಗೆಗಳಲ್ಲಿ ಐಪಿಎಸ್ ತಗೊಂಡರೆ ತಪ್ಪಾಗುವುದಿಲ್ಲ. ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಇನ್ನೂ ಗಾಢ, ಐಪಿಎಸ್‌ನ ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು) ಸಾಮಾನ್ಯವಾಗಿ 1000:1ರ ಆಸುಪಾಸು ಇದ್ದರೆ ಇದರದು 3000:1. ಸಿನಿಮಾಕ್ಕೆ ಚೆನ್ನ, ಆದರೆ ಕಪ್ಪು ಹಿನ್ನೆಲೆಯಲ್ಲಿ ಬರಹ ಸರಿಸಿದಾಗ ಹಿಂದೆ ನೆರಳಿನ ಬಾಲ ಕಾಣಬಹುದು. ಓಎಲ್‌ಇಡಿ ನೋಡಲು ಸೊಗಸು. ಆದರೆ ಲ್ಯಾಪ್‌ಟಾಪ್ ಕೆಲಸದಲ್ಲಿ ಪರದೆಯ ಒಂದೇ ಜಾಗದಲ್ಲಿ ಟಾಸ್ಕ್‌ಬಾರ್, ಮೆನು ಗಂಟೆಗಟ್ಟಲೆ ನಿಂತಿರುತ್ತವೆ. ವರ್ಷಗಳು ಕಳೆದಂತೆ ಅವುಗಳ ಅಚ್ಚು ಪರದೆಯಲ್ಲಿ ಉಳಿದುಬಿಡುವ ಅಪಾಯ ಇದೆ. ಹಲವು ಓಎಲ್‌ಇಡಿ ಮಾನಿಟರ್‌ಗಳಲ್ಲಿ ಬಣ್ಣದ ಭಾಗಗಳ ಜೋಡಣೆಯೇ ಬೇರೆ ಥರ ಇರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಎಳೆ ಮೂಡುತ್ತದೆ. ಬರವಣಿಗೆಯ ಕೆಲಸಕ್ಕೆ ನಾನಂತೂ ಇದನ್ನು ಸೂಚಿಸಲಾರೆ.

ಬೆಳಕಿಗೆ ಸಾಧಾರಣ ಕೋಣೆಯಲ್ಲಿ 250ರಿಂದ 300 ನಿಟ್ (ಪರದೆಯ ಹೊಳಪಿನ ಅಳತೆ) ನಡೆಯುತ್ತದೆ. ಕಿಟಕಿ ಎದುರಿನ ಜಾಗವಾದರೆ 350 ಮೇಲಿರಲಿ. ಎಚ್‌ಡಿಆರ್ ಅಂದರೆ ಕಪ್ಪು ಬಿಳುಪಿನ ಅಂತರವನ್ನು ಇನ್ನೂ ಹಿಗ್ಗಿಸಿ ತೋರಿಸುವ ಸೌಲಭ್ಯ; ಎಚ್‌ಡಿಆರ್ 400 ಅನ್ನುವ ಮುದ್ರೆಗೆ ಮರುಳಾಗಬೇಡಿ. ಆ ಮುದ್ರೆ ಸಿಗಲು ಪರದೆಯ ಬೇರೆ ಬೇರೆ ಭಾಗದ ಬೆಳಕನ್ನು ಬೇರೆ ಬೇರೆಯಾಗಿ ಕುಗ್ಗಿಸುವ ವ್ಯವಸ್ಥೆ ಇರಲೇಬೇಕು ಅಂತಿಲ್ಲ. ಆ ವ್ಯವಸ್ಥೆ ಇಲ್ಲದೆ ಎಚ್‌ಡಿಆರ್‌ಗೆ ಹೆಚ್ಚು ಅರ್ಥವೂ ಇಲ್ಲ. ಫೋಟೊ, ವಿಡಿಯೊ ತಿದ್ದುವವರು ಎಸ್‌ಆರ್‌ಜಿಬಿ ಅನ್ನುವ ಪ್ರಮಾಣಿತ ಗುಂಪಿನ ಬಣ್ಣಗಳಲ್ಲಿ ಶೇಕಡಾ ಎಷ್ಟು ತೋರಿಸುತ್ತದೆ ಅಂತ ನೋಡಲಿ, 99 ಇದ್ದರೆ ಒಳ್ಳೆಯದು.

ಮನೆಯಲ್ಲಿರುವ ಟಿವಿಯನ್ನೇ ಬಳಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬಳಸಬಹುದು, ಕೆಲವು ಸಲ ಚೆನ್ನಾಗಿಯೂ ಕಾಣುತ್ತದೆ. ಆದರೆ 43 ಇಂಚಿನ 4ಕೆ ಟಿವಿಯಲ್ಲಿ ಇಂಚಿಗೆ 102 ಪಿಕ್ಸೆಲ್ ಅಷ್ಟೇ. ಕೆಲವು ಟಿವಿಗಳು ಬಣ್ಣದ ಮಾಹಿತಿಯನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ತೋರಿಸುತ್ತವೆ. ಸಿನಿಮಾದಲ್ಲಿ ಅದು ಗೊತ್ತಾಗುವುದಿಲ್ಲ, ಕೆಂಪು ಅಥವಾ ನೀಲಿ ಅಕ್ಷರದಲ್ಲಿ ಎದ್ದು ಕಾಣುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಪಿಸಿ ಮೋಡ್ ಇದ್ದರೆ ಹಾಕಿ ನೋಡಿ.

ಜನ ಕಡೆಗಣಿಸುವ, ನಾನು ಮಾತ್ರ ಹಟ ಹಿಡಿಯುವ ವಿಷಯ ಸ್ಟ್ಯಾಂಡ್. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಕ್ಕೋ ಬರಬೇಕು. ಲ್ಯಾಪ್‌ಟಾಪ್‌ನಲ್ಲಿ ಕತ್ತು ಬಗ್ಗಿಸಿ ಸಾಕಾಗಿಯೇ ಮಾನಿಟರ್ ತಗೊಳ್ಳುವುದು. ಎತ್ತರ ಹೊಂದಿಸಲಾಗದ ಸ್ಟ್ಯಾಂಡ್ ಬಂದರೆ ಮತ್ತೆ ಅದೇ ಕತ್ತು, ಅದೇ ನೋವು. ಅಗ್ಗದ ಮಾನಿಟರ್‌ಗಳು ಉಳಿತಾಯ ಮಾಡುವುದು ಇಲ್ಲಿಯೇ. ಎತ್ತರ ಹೊಂದಿಸಲು ಬರದಿದ್ದರೆ ಹಿಂದುಗಡೆ 100×100 ಮಿಲಿಮೀಟರ್ ಅಂತರದ ನಾಲ್ಕು ತಿರುಪಿನ ತೂತುಗಳಾದರೂ ಇವೆಯಾ ನೋಡಿ. ಇದ್ದರೆ ಯಾವುದಾದರೂ ಮಾನಿಟರ್ ತೋಳಿಗೆ ತೂಗುಹಾಕಬಹುದು. ಮೇಜಿನ ಆಳವನ್ನೂ ಅಳೆಯಿರಿ. 32 ಇಂಚಿನ ಪರದೆ 70 ಸೆಂಟಿಮೀಟರ್‌ಗಿಂತ ಅಗಲ ಇರುತ್ತದೆ. ಅದನ್ನು ಮೂಗಿನ ಮುಂದೆ ಇಟ್ಟುಕೊಂಡರೆ ಒಂದು ಮೂಲೆಯಿಂದ ಇನ್ನೊಂದಕ್ಕೆ ತಲೆ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಮಾನಿಟರ್ ಮನೆಗೆ ಬಂದ ದಿನವೇ ಎರಡು ಕೆಲಸ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ರೆಸಲ್ಯೂಷನ್ ಮತ್ತು ಹರ್ಟ್ಜ್ ಎಷ್ಟಿದೆ ಅಂತ ಕಣ್ಣಾರೆ ನೋಡಿ. 120ರ ಮಾನಿಟರನ್ನೂ ವಿಂಡೋಸ್ 60ರಲ್ಲೇ ಓಡಿಸುತ್ತಿರಬಹುದು, ನಾವೇ ಬದಲಾಯಿಸಬೇಕು. ಆಮೇಲೆ ಪರದೆ ತುಂಬ ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಇದೆಯಾ ಹುಡುಕಿ. ವಾಪಸ್ ಕೊಡುವ ಅವಧಿ ಮುಗಿದ ಮೇಲೆ ವಾರಂಟಿಯಲ್ಲಿ ಕೇಳಿದರೆ, ಒಂದೆರಡು ಸತ್ತ ಪಿಕ್ಸೆಲ್ ದೋಷವೇ ಅಲ್ಲ ಅನ್ನುವ ನಿಯಮ ಎಷ್ಟೋ ಕಂಪನಿಗಳಲ್ಲಿದೆ.